ಮುರಿದ ಸೇತುವೆಯ ಸಾಕ್ಷಿಗಳು

“ಸುಳ್ಳು ಹೇಳ್ತಿ ಬಿಡಲೇ,” ಎಂದ ಅರುಣಕುಮಾರ, ಹಡಗಲಿಯಿಂದ ಫೋನಿನಲ್ಲಿ. ಗಂಗಾಧರನ ಶನಿವಾರ ಕೆಟ್ಟದ್ದು ಆ ಒಂದು ಮಾತಿನಿಂದ.

ಸುಳ್ಳಲ್ಲ. ಕಂಪ್ಯೂಟರಿನ ಕಾರ್ ರೇಸಿನಲ್ಲಿ ಕೊನೆಗೊಂದು ಮುರಿದ ಸೇತುವೆ ಬರುತ್ತದೆ. ಅರುಣ ಕೊಟ್ಟೂರಿನಲ್ಲಿದ್ದಾಗ ಇಬ್ಬರೂ ಒಂದೇ ಕೀಬೋರ್ಡಿಗೆ ಭುಜ ತಾಗಿಸಿ ಕೂತು ಆಡುತ್ತಿದ್ದರು. ಎಡಗಡೆಯ ಅಕ್ಷರಗಳು ಅರುಣನಿಗೆ, ಬಲಗಡೆಯ ಬಾಣಗಳು ಗಂಗಾಧರನಿಗೆ. ಎಷ್ಟು ಸಂಜೆ ಆಡಿದರೂ ಇಬ್ಬರ ಕಾರೂ ಆ ಸೇತುವೆಯಿಂದ ಎಮ್ಮೆಗಳ ಹಾಗೆ ಹೊಳೆಗಿಳಿಯುತ್ತಿದ್ದವು. ಆಮೇಲೆ ಅರುಣನಿಗೆ ಮದುವೆಯಾಯಿತು, ಮಾವನ ಸಿಮೆಂಟು ಅಂಗಡಿ ಸಿಕ್ಕಿತು, ಹಡಗಲಿಗೆ ಹೋದ. ಹೈಸ್ಕೂಲಿನ ಗುಮಾಸ್ತ ಗಂಗಾಧರ ಮಾತ್ರ ಈಗಲೂ ಆಟ ಶುರು ಮಾಡುವಾಗ ರೂಢಿಯಿಂದ ‘ಇಬ್ಬರು’ ಎಂದೇ ಒತ್ತುತ್ತಿದ್ದ. ಅರುಣನ ಕೆಂಪು ಕಾರು ಬಸ್ಸು ತಪ್ಪಿಸಿಕೊಂಡವನ ಹಾಗೆ ಗೆರೆಯ ಮೇಲೆ ನಿಂತೇ ಇರುತ್ತಿತ್ತು. ನಿನ್ನೆ ಸಂಜೆ ಗಂಗಾಧರನ ನೀಲಿ ಕಾರು ಸೇತುವೆ ಹಾರಿ ಆಚೆ ದಡ ಮುಟ್ಟಿತ್ತು. ಹಿಂತಿರುಗಿ ನೋಡಿದರೆ, ಹೇಳಿಕೊಳ್ಳಲು ಗೋಡೆಯ ಕ್ಯಾಲೆಂಡರು ಬಿಟ್ಟು ಯಾರೂ ಇರಲಿಲ್ಲ.

“ಖರೇನ ಹಾರ್ಸಿದ್ರ ವಿಡಿಯೋ ಮಾಡಿಡು. ನಾಳೆ ಆಯ್ತಾರ, ಬಂದು ನೋಡ್ತೀನಿ,” ಎಂದು ಅರುಣ ಫೋನ್ ಇಟ್ಟ.

ಬಂದು ನೋಡುತ್ತಾನೆ. ಗಂಗಾಧರ ಮನೆಯಲ್ಲಿದ್ದ ಎರಡೂ ಲೋಟಗಳನ್ನು ನಾಳೆಗೆಂದು ಈಗಲೇ ತೊಳೆದಿಟ್ಟು, ಮದುವೆ ವಿಡಿಯೋ ತೆಗೆಯುವ ಗುರುಸಂಗಪ್ಪನ ಸ್ಟುಡಿಯೋಗೆ ಓಡಿದ.

“ರ‍್ಯಾಮ್ ಎಷ್ಟೈತಿ?” ಎಂದು ಕೇಳಿದ ಗುರುಸಂಗಪ್ಪ.

“ನೂರಾ ಇಪ್ಪತ್ತೆಂಟು ಎಂಬಿ.”

ಗುರುಸಂಗಪ್ಪ ನಾಡಿ ಹಿಡಿದು ಕೈಬಿಟ್ಟ ಡಾಕ್ಟರ ಮುಖ ಮಾಡಿದ. “ಗಂಗಣ್ಣ, ಆಟಾನೂ ಆಡಬೇಕು, ಅದನ್ನ ರೆಕಾರ್ಡೂ ಮಾಡಬೇಕು ಅಂದ್ರ ಒಂದ ಎತ್ತಿಗೆ ಎರಡು ಗಾಡಿ ಹೂಡಿದಂಗ. ರ‍್ಯಾಮ್ ನಾಕು ಪಟ್ಟು ಬೇಕು. ಡಿಸ್ಕಿನಾಗ ಜಾಗ ಬೇಕು. ಕರೆಂಟ್ ನಂಬಂಗಿಲ್ಲ, ಯುಪಿಎಸ್ ಬೇಕು.”

“ನಿಮ್ಮ ಕಂಪ್ಯೂಟರಿನಾಗ ಮಾಡಾಕ ಬರಂಗಿಲ್ಲೇನ್ರಿ?”

“ಅದ್ರಾಗ ಇಟ್ಟಿಗಿ ಊರಿನ ಮದುವಿ ಎಡಿಟಿಂಗ್ ನಡದೈತಿ. ಈಗ ತಾಳಿತನಕ ಬಂದೈತಿ, ನಡುವ ನಿಲ್ಸಿದ್ರ ಚಲೋ ಅಲ್ಲ.” ಕೊನೆಗೆ ಕಪಾಟಿನಿಂದ ಒಂದು ಬಿಡಿ ಹಾರ್ಡ್‌ಡಿಸ್ಕ್ ತೆಗೆದ. “ಇದನ್ನ ಹಾಕೋಣ. ಆದ್ರ ಇದ್ರಾಗ ನಾಕು ಮದುವಿ ಅದಾವ. ಒಂದು ಅಳಿಸಿದ್ರೂ ಮತ್ತ ಮಾಡ್ಸಾಕ ಆಗಂಗಿಲ್ಲ. ನಾನೂ ಜೊತಿಗೆ ಬರ್ತೀನಿ.”

ರ‍್ಯಾಮ್ ಇದ್ದದ್ದು ಬೀಜ ಗೊಬ್ಬರದಂಗಡಿಯ ನಾಗಪ್ಪನ ಕಂಪ್ಯೂಟರಿನಲ್ಲಿ. ಅದು ವಿಭೂತಿ ಧರಿಸಿ, ಹೂವಿನ ಬಟ್ಟೆ ಹೊದ್ದು, ವರ್ಷದ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತಿತ್ತು.

“ದೀಪ ಹಚ್ಚೋ ಹೊತ್ತಿಗೆ ಮನಿ ಸಾಮಾನು ಹೊರಗ ಇರಬಾರದು,” ಎಂದ ನಾಗಪ್ಪ. “ಅದೂ ಅಲ್ದ ನನ್ನ ಬಿಲ್ಲೆಲ್ಲಾ ಇದ್ರಾಗ ಅದಾವ.”

“ರ‍್ಯಾಮಿನಾಗ ಏನೂ ಇರಂಗಿಲ್ರಿ. ಬಂದ್ ಮಾಡಿದ ಕೂಡ್ಲೆ ಅದು ಎಲ್ಲಾ ಮರೀತೈತಿ.”

“ಅಂಥಾ ಮರೆಗುಳೀನ ಒಂಟಿಯಾಗಿ ಹೆಂಗ ಕಳಸ್ಲಿ? ನಾನೂ ಬರ್ತೀನಿ ನಡಿ.”

ಯುಪಿಎಸ್ ಜೆರಾಕ್ಸ್ ಅಂಗಡಿಯ ಗುರುಬಸಮ್ಮನದು. “ಹ್ವಾದ ವರ್ಷ ನೀ ಒಯ್ದ ಏಣಿ ಒಂದು ಮೆಟ್ಟಿಲ ಕಮ್ಮಿ ಬಂತಪ್ಪ,” ಎಂದು ಅಂಗಡಿಗೆ ಬೀಗ ಹಾಕಿ, ಯುಪಿಎಸ್ಸನ್ನು ಮಗುವಿನಂತೆ ಸೊಂಟಕ್ಕೇರಿಸಿ ಹೊರಟೇಬಿಟ್ಟಳು.

ಗಂಗಾಧರನ ಬಾಗಿಲಲ್ಲಿ ಅಷ್ಟು ಜನರ ಚಪ್ಪಲಿ ಒಟ್ಟಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅವನಿಗೆ ಒಳಗೊಳಗೇ ಹಿಗ್ಗು. ಲೋಟಗಳು ಎರಡೇ ಆದ್ದರಿಂದ ಚಹಾ ಪಾಳಿಯ ಮೇಲೆ ನಡೆಯಿತು. ಗುರುಸಂಗಪ್ಪ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಹಳೇ ರ‍್ಯಾಮ್ ಕಿತ್ತಿಟ್ಟು, ನಾಗಪ್ಪನ ರ‍್ಯಾಮನ್ನೂ ಡಿಸ್ಕನ್ನೂ ಕೂರಿಸಿದ. ತಗಡು ತೆರೆದೇ ಇತ್ತು. ಒಳಗಿನದೆಲ್ಲ ಹೊಟ್ಟೆ ಕೊಯ್ದಿಟ್ಟ ಕುಂಬಳಕಾಯಿಯಂತೆ ಕಾಣುತ್ತಿತ್ತು.

“ನೋಡ್ಕೊಂತಿರ್ರಿ,” ಎಂದು ಗಂಗಾಧರ ಆಟ ಶುರು ಮಾಡಿದ.

“ನೋಡ್ತೀವಿ, ನೋಡ್ತೀವಿ,” ಎಂದರು ಮೂವರೂ.

ಕಾರು ಹೊಳೆಗೆ ಬಿತ್ತು. ಮತ್ತೆ ಬಿತ್ತು. ಬಿಸಿಲು ಹೊಸ್ತಿಲು ದಾಟಿ ಅಂಗಳಕ್ಕಿಳಿದರೂ ಬೀಳುತ್ತಲೇ ಇತ್ತು. “ದೀಪದ ಹೊತ್ತಾಗಾಕ ಬಂತು,” ಎಂದು ನಾಗಪ್ಪ ಬೆನ್ನ ಹಿಂದಿನಿಂದ ಗೊಣಗಿದ. ಗಂಗಾಧರ ಇದೇ ಕೊನೆಯ ಸಲವೆಂದು ಹೊರಟ. ಸೇತುವೆ ಕಂಡಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಅವನು ಬಾಣ ಒತ್ತಿದ. ನೀಲಿ ಕಾರು ಎದ್ದಿತು, ಗಾಳಿಯಲ್ಲಿ ಒಂದು ಗಳಿಗೆ ತನ್ನ ಹಿಂದುಮುಂದು ಯೋಚಿಸಿತು, ಆಚೆ ದಡಕ್ಕೆ ಇಳಿಯಿತು.

ಗಂಗಾಧರ ‘ಉಳಿಸು’ ಒತ್ತಿದ. ವಿಡಿಯೋ ಇಷ್ಟಿಷ್ಟೇ ಡಿಸ್ಕಿಗೆ ಇಳಿಯುತ್ತಿತ್ತು.

“ಒಂದ ಸವನ ಒದರಾಕತ್ತೈತಿ, ಸುಟ್ಟುಗಿಟ್ಟೀತು,” ಎಂದು ಗುರುಬಸಮ್ಮ ಬಗ್ಗಿ ಯುಪಿಎಸ್ಸಿನ ಗುಂಡಿ ಒತ್ತಿ ಆರಿಸಿದಳು.

ಪರದೆ ಕಪ್ಪಾಯಿತು. ಆಮೇಲೆ ಗಂಗಾಧರನಿಗೆ ಹೊಳೆಯಿತು: ವಿಡಿಯೋ ಹೋದರೇನು, ಮೂರು ಜನ ಸಾಕ್ಷಿಗಳಿದ್ದಾರೆ. ಅರುಣನಿಗೆ ಫೋನ್ ಹಚ್ಚಿ, “ಇವರನ್ನ ಕೇಳಲೇ,” ಎಂದು ನಾಗಪ್ಪನ ಕೈಗೆ ಕೊಟ್ಟ.

“ಕಾರೇನಪ್ಪಾ?” ಎಂದ ನಾಗಪ್ಪ. “ನಾ ಎಲ್ಲಿ ನೋಡ್ಲಿ, ನನ್ನ ಕಣ್ಣೆಲ್ಲಾ ರ‍್ಯಾಮಿನ ಮ್ಯಾಲೆ ಇತ್ತು. ಏನೂ ಆಗಿಲ್ಲ, ಹಂಗ ಐತಿ.”

ಗುರುಸಂಗಪ್ಪ ಫೋನ್ ತೆಗೆದುಕೊಂಡ. “ಡಿಸ್ಕ್ ಬಿಸಿ ಆಗ್ತೈತೇನಂತ ಮುಟ್ಟಿ ಮುಟ್ಟಿ ನೋಡ್ಕೊಂತ ಕುಂತಿದ್ದೆ. ನಾಕು ಮದುವಿ ಜವಾಬ್ದಾರಿ, ಹುಡುಗಾಟ ಅಲ್ಲ.”

“ಯುಪಿಎಸ್ಸಿನ ಕೆಂಪು ದೀಪ ಮಾತ್ರ ನೋಡೀನಪ್ಪ,” ಎಂದಳು ಗುರುಬಸಮ್ಮ. “ಸಂಜೀತನಕ ನಮ್ಮನ್ನ ಕುಂದ್ರಿಸ್ಯಾನ. ಚಹಾ ಚಲೋ ಮಾಡ್ತಾನ ಬಿಡು.”

ಫೋನ್ ಗಂಗಾಧರನ ಕೈಗೆ ಬಂದಾಗ ಅರುಣ ನಗುತ್ತಿದ್ದ.

“ಎಷ್ಟು ಮಂದಿ ಅದಾರಲೇ ನಿನ್ನ ಮನ್ಯಾಗ. ಜಾತ್ರಿ ಆಗೇತಲ್ಲ. ಕಾರ್ ಹಾರಿದ್ದು ನಾ ಮುಂಜಾನೆನ ನಂಬಿದ್ದೆ, ಸುಮ್ನ ರೇಗಸ್ಲಿಕ್ಕೆ ಅಂದೆ. ನೀ ಒಬ್ಬನ ಇರ್ತಿ, ಬ್ಯಾಸರ ಆಗಿರ್ತೈತಿ ಅಂತ ನಾಳೆ ಬರಾಕ ನೆವ ಮಾಡಿದ್ದೆ ಅಷ್ಟ. ಈಗ ಚಿಂತಿ ಹೋತು ನೋಡು. ಅಂಗಡಿಗೆ ಮಾಲು ಬರೋದೈತಿ, ನಾ ಬರಂಗಿಲ್ಲ.”

“ಇವರು ಈಗ ಹೋಗ್ತಾರಲೇ,” ಎಂದ ಗಂಗಾಧರ. ಆ ಕಡೆ ಫೋನ್ ಇಟ್ಟಾಗಿತ್ತು.

ಅವರು ಹೋದರು. ರ‍್ಯಾಮು ವಿಭೂತಿಯ ಮನೆಗೆ, ಡಿಸ್ಕು ಸ್ಟುಡಿಯೋಗೆ, ಯುಪಿಎಸ್ಸು ಗುರುಬಸಮ್ಮನ ಸೊಂಟಕ್ಕೆ. ಕರೆಂಟ್ ಬಂದಿತು. ಓಣಿಯಲ್ಲಿ ಒಂದೊಂದೇ ಮನೆಯ ದೀಪ ಹತ್ತಿತು. ಗಂಗಾಧರ ಲೋಟಗಳನ್ನು ತೊಳೆದು ಬೋರಲು ಹಾಕಿ, ತನ್ನ ಹಳೇ ರ‍್ಯಾಮನ್ನು ಕೂರಿಸಿ, ಆಟ ತೆಗೆದು ‘ಇಬ್ಬರು’ ಎಂದು ಒತ್ತಿದ.

ಬಲಗೈ ಬಾಣಗಳ ಮೇಲಿತ್ತು. ಎಡಗೈ ಸುಮ್ಮನಿತ್ತು. ಸ್ವಲ್ಪ ಹೊತ್ತು ನೋಡಿ ಅದನ್ನು ಅರುಣನ ಅಕ್ಷರಗಳ ಮೇಲಿಟ್ಟ. ಎರಡೂ ಕಾರು ಜೊತೆಯಾಗಿ ಹೊರಟವು, ಹಿಂದಿನ ಹಾಗೆ ಒಂದನ್ನೊಂದು ಉಜ್ಜುತ್ತ, ತಿರುವಿನಲ್ಲಿ ಕಾಯುತ್ತ. ಸೇತುವೆ ಬಂತು. ನೀಲಿ ಕಾರು ಹೊಳೆಗೆ ಬಿತ್ತು. ಕೆಂಪು ಕಾರು ಹಗುರವಾಗಿ ಹಾರಿ ಆಚೆ ದಡ ಮುಟ್ಟಿತು.

ಗಂಗಾಧರ ಫೋನ್ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ. ಸಾಕ್ಷಿ ಬೇಕಿರಲಿಲ್ಲ, ತನ್ನ ಕಾರು ಹಾರಿತೆಂದರೆ ಅರುಣ ಕೇಳಿದ ಕೂಡಲೇ ನಂಬುತ್ತಿದ್ದ.