ಬತ್ತೀಸ್ ಬಲ್ಬು

ದುರುಗಪ್ಪ ತಂದದ್ದು ಒಂದೇ ಒಂದು ಬಲ್ಬು, ಅದೂ ಸುಟ್ಟುಹೋದದ್ದು. ರಾಯಚೂರಿನ ಎಂಜಿನ್ ಷೆಡ್ಡಿನಲ್ಲಿ ಅವನು ಖಲಾಸಿ. ಎಂಜಿನ್ನಿನ ಮುಂದಿನ ದೊಡ್ಡ ದೀಪದಿಂದ ಬಿಚ್ಚಿದ ಬಲ್ಬನ್ನು ಮೇಸ್ತ್ರಿ, ಚಂದಕ್ಕೆ ಇಟ್ಟುಕೋ ಎಂದು ಕೊಟ್ಟಿದ್ದ. ಅಂದು ತುರ್ವಿಹಾಳದ ತಾಯಪ್ಪ ಮಗಳನ್ನು ಕೊಡುವ ಮಾತಿಗೆ ದುರುಗಪ್ಪನ ಊರು ಮಸ್ಕಿಗೆ ಬರುವವನಿದ್ದ. ಹುಡುಗಿಯ ಮೇಲೆ ದುರುಗಪ್ಪ ಆಗಲೇ ಜೀವ ಇಟ್ಟಿದ್ದ. ಮಾವನ ಕಣ್ಣಿಗೆ ಬೀಳಲೆಂದು ಬಲ್ಬನ್ನು ಗೋಡೆಯ ಗೂಡಿನಲ್ಲಿಟ್ಟ.

ಒಲೆಗೆ ಬೆಂಕಿ ಕೇಳಲು ಬಂದ ಪಕ್ಕದ ಮನೆಯ ಹೊನ್ನೂರಮ್ಮನ ಕಣ್ಣಿಗೆ ಅದು ಮೊದಲು ಬಿತ್ತು.

"ಏನಪಾ ಇದು, ಗಾಜಿನ ಬದನಿಕಾಯಿ?"

"ಎಂಜಿನ್ನಿಂದು, ಚಿಗವ್ವ. ಮೊದ್ಲು ಒಂದೊಂದು ಎಂಜಿನ್ನಿಗೆ ಒಂದೊಂದು ನಮೂನಿ ಕರೆಂಟ್ ಇತ್ತು. ಒಂದರ ಬಲ್ಬು ಇನ್ನೊಂದಕ್ಕ ಹಾಕಿದ್ರ ಠಪ್! ಈಗ ಎಲ್ಲಾಕ್ಕೂ ಒಂದ ಮಾಡ್ಯಾರ. ಇದು ಬತ್ತೀಸ್ ಬಲ್ಬು."

ವೋಲ್ಟ್ ಎಂಬ ಮಾತನ್ನು ಪಾಪ ನುಂಗಿಬಿಟ್ಟ. ಷೆಡ್ಡಿನಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ಆದರೆ ನಿಜಾಮರ ಸೀಮೆಯಲ್ಲಿ ಬತ್ತೀಸ್ ಎಂದರೆ ಮೂವತ್ತೆರಡು ಎಂದು ಕೂಸಿಗೂ ಗೊತ್ತು. ಹೊನ್ನೂರಮ್ಮ ಬೆಂಕಿ ಮರೆತು ಓಣಿಗೆ ಓಡಿದಳು.

"ರೈಲಿಂದು ಬತ್ತೀಸ್ ಬಲ್ಬು ಹೊಡ್ಕೊಂಡು ಬಂದಾನ! ಒಂದು ಗೂಡಿನ್ಯಾಗ ಐತಿ, ಉಳಿದಾವು ಎಲ್ಲಿ?"

ಓಣಿಗೆ ಓಣಿಯೇ ಹುಡುಕಲು ನುಗ್ಗಿತು. ಒಬ್ಬ ಹಿಟ್ಟಿನ ಗಡಿಗೆಗೆ ಕೈ ಹಾಕಿದ, ಇನ್ನೊಬ್ಬ ಕೌದಿ ಕೊಡವಿದ.

"ಎಮ್ಮಿ ಯಾಕ ಏಳವಲ್ದು? ಹೊಟ್ಟಿ ಬುಡಕ ಏನೋ ಐತಿ!" ಎಂದಳು ಹೊನ್ನೂರಮ್ಮ. ನಾಲ್ಕು ಮಂದಿ ಸೇರಿ ಎಬ್ಬಿಸಿದರು. ಸಗಣಿ ಇತ್ತು.

ಅಷ್ಟರಲ್ಲಿ ತಾಯಪ್ಪ ಬಂದ. ಅವನ ಬೆನ್ನಿಗೇ ಪೊಲೀಸ್ ಜಮಾದಾರ ದಾವಲ್‌ಸಾಬ್. ದುರುಗಪ್ಪನಿಗೆ ಹುಡುಗಿಯದೇ ಚಿಂತೆ. ನೌಕರಿ ಹಾಳಾಗಲಿ, ಹುಡುಗಿ ಕೈತಪ್ಪಿದಳಲ್ಲ!

"ಬಾಕಿ ಎಲ್ಲಿ ಇಟ್ಟೀಲೇ?" ಜಮಾದಾರ ಗದರಿದ.

"ಸಾಬ್ರ, ಬತ್ತೀಸ್ ಅಂದ್ರ ಬಲ್ಬಿನ ಲೆಕ್ಕ ಅಲ್ರೀ, ಕರೆಂಟಿನ ಜೋರು! ಅದರ ಮ್ಯಾಲ ಬರದೈತಿ ನೋಡ್ರಿ. ಇದೂ ಕೆಟ್ಟದ್ದು, ಮೇಸ್ತ್ರಿ ಕೊಟ್ಟದ್ದು. ದೇವರಾಣಿ, ಷೆಡ್ಡಿಂದು ಒಂದು ಮೊಳಿನೂ ಮುಟ್ಟಿದಾಂವಲ್ಲ!"

ಜಮಾದಾರ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ತಂತಿ ಕಿಣಿಕಿಣಿ ಎಂದಿತು. ಮೇಲಿನ ಅಂಕಿ ಓದಿ, "ಬೇಕೂಫ್ ಮಂದಿ! ಹುಡುಗ ಖರೇ ಹೇಳಾಕತ್ತಾನ," ಎಂದು ಎಲ್ಲರನ್ನೂ ಬೈದು ಹೊರಟುಹೋದ.

ದುರುಗಪ್ಪನಿಗೆ ಹೋದ ಜೀವ ಬಂದಂತಾಯಿತು. "ಮಾವಾ, ಕೇಳಿದ್ರೆಲ್ಲ? ನಾ ಕಳ್ಳ ಅಲ್ರೀ!"

ತಾಯಪ್ಪ ಆಗಲೇ ಕೆರವು ಮೆಟ್ಟುತ್ತಿದ್ದ.

"ಕೇಳಿದ್ನೆಪಾ. ಊರ ಅಗಸಿ ಬಾಗಲದಾಗ ಬತ್ತೀಸ್ ಅಂತ ಕಿವಿಗೆ ಬಿದ್ದಾಗ, ಅಳಿಯ ಭಾರೀ ಕೈಯಾಂವ, ಮಗಳು ಸುಖದಿಂದ ಇರ್ತಾಳ ಅಂತ ಹಿಗ್ಗಿ ಬಂದೆ. ರೈಲಿನ್ಯಾಗ ನೌಕರಿ ಮಾಡಿ ಒಂದು ಮೊಳಿನೂ ಮನಿಗೆ ತರದಾಂವ ನೀ, ಹೆಂಡ್ತಿನ್ನ ಹ್ಯಾಂಗ ಸಾಕ್ತೀ?"