ಹೊಲಿಗೆ ಮಷೀನ್ ಆಫೀಸು

ನಾನು ಕೆಲಸ ಮಾಡುವ ಇಲಾಖೆಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೆ ಈಗಲೂ ಬರುವುದಿಲ್ಲ. ಸರ್ಕಾರ ಬದಲಾದಾಗಲೆಲ್ಲ ಹಿಂದೊಂದು ಮುಂದೊಂದು ಪದ ಸೇರಿ, 'ಕಲ್ಯಾಣ' ಎಂಬುದು ನಡುವೆ ಎಲ್ಲೋ ಸಿಕ್ಕಿಕೊಂಡಿದೆ. ಹಾನಗಲ್ಲಿನ ಮನೆಯಿಂದ ಹಿರೇಕೆರೂರಿನ ಕಚೇರಿಗೆ ದಿನಾ ಬಸ್ಸಿನಲ್ಲಿ ನಿಂತೇ ಹೋಗುವವನು ನಾನು. ಯಾರಾದರೂ "ಯಾವ ಆಫೀಸ್ರಿ?" ಎಂದರೆ ಪೂರ್ತಿ ಹೆಸರು ಹೇಳುತ್ತೇನೆ. ಮುಗಿಯುವ ಹೊತ್ತಿಗೆ ಕೇಳಿದವರು ಕಿಟಕಿಯ ಕಡೆ ತಿರುಗಿರುತ್ತಾರೆ.

ಮೊಣಕಾಲು ನೋವೆಂದು ಹಾನಗಲ್ಲಿಗೆ ವರ್ಗ ಕೇಳಿ ಕೇಳಿ ಸಾಕಾಗಿತ್ತು. ಆಗ ಸಾಹೇಬರು ಕರೆದು, "ಸ್ಮರಣ ಸಂಚಿಕೆಗೆ ಇಲಾಖೆ ಇತಿಹಾಸ ಬೇಕಾಗೇತ್ರಿ. ಎರಡ ಪುಟ ಚಂದಾಗಿ ಬರದ ಕೊಡ್ರಿ, ನಿಮ್ಮ ಹಾನಗಲ್ ವಿಷಯ ನಾ ನೋಡ್ತೇನಿ" ಎಂದರು. ನೋವು ಅರ್ಧ ಅಲ್ಲೇ ಇಳಿಯಿತು.

ಬರೆಯಲು ಕುಳಿತರೆ ಇಲಾಖೆ ಹುಟ್ಟಿದ್ದು ಯಾವಾಗ ಎಂದೇ ಯಾರಿಗೂ ಗೊತ್ತಿಲ್ಲ. ಮೇಲಿನ ಕಚೇರಿಗೆ ಫೋನ್ ಮಾಡಿದರೆ, "ನೀವು ಬರದ ಮ್ಯಾಲೆ ನಮಗೂ ಒಂದ ಪ್ರತಿ ಕಳಸ್ರಿ" ಎಂದರು. ಕೊನೆಗೆ ಹಳೆಯ ಕಡತ ಸಿಕ್ಕೀತೆಂದು ನಮ್ಮ ಇಲಾಖೆಯ ಬೇರೆ ಕಚೇರಿಗಳಿಗಾಗಿ ಊರೂರು ಸುತ್ತಿದೆ. ಸವಣೂರಿನಲ್ಲಿ ಇಳಿದು, ಎಲೆ ಮಾರುತ್ತಿದ್ದ ಅಜ್ಜಿಗೆ ಇಲಾಖೆಯ ಪೂರ್ತಿ ಹೆಸರು ಹೇಳಿ ದಾರಿ ಕೇಳಿದೆ. "ಅದ್ಯಾವದೋ ತಿಳೀಲಿಲ್ಲ ಯಪ್ಪಾ. ಕನ್ನಡಕದ ಆಫೀಸಿನ ಬಾಜೂಕ ಕೇಳ್ ನೋಡ" ಎಂದಳು. ಹೋಗಿ ನೋಡಿದರೆ ಕನ್ನಡಕದ ಆಫೀಸೇ ನಮ್ಮದು! ಎಂದೋ ಒಮ್ಮೆ ಅಲ್ಲಿ ಮುದುಕರಿಗೆ ಕನ್ನಡಕ ಹಂಚಿದ್ದರಂತೆ. ಶಿಗ್ಗಾವಿಯಲ್ಲಿ ನಮ್ಮದು ಕಂಬಳಿ ಆಫೀಸು. ಹಿರೇಕೆರೂರಿನಲ್ಲಂತೂ ಹೊಲಿಗೆ ಮಷೀನ್ ಆಫೀಸು ಎಂದೇ ಹೆಸರು. ನಾನು ಬಂದಮೇಲೆ ಅಲ್ಲಿಗೆ ಒಂದು ಸೂಜಿಯೂ ಬಂದಿಲ್ಲ, ಹೆಂಗಸರು ಕೇಳಿಕೊಂಡು ಬರುವುದು ಮಾತ್ರ ನಿಂತಿಲ್ಲ. ಮಂತ್ರಿಗಳು, ಯೋಜನೆಗಳು ಯಾರಿಗೂ ನೆನಪಿಲ್ಲ. ಕೈಗೆ ಬಂದ ವಸ್ತುವಷ್ಟೇ ನೆನಪು. ನನಗೆ ಬೇಜಾರೂ ಆಯಿತು, ಯಾಕೋ ಸಂತೋಷವೂ ಆಯಿತು. ಅದನ್ನೇ ಬರೆದುಕೊಟ್ಟೆ.

ಸಾಹೇಬರು ಓದಿ ಬಹಳ ಹೊತ್ತು ನಕ್ಕರು. "ಭಾಳ ಚಲೋ ಬರದೀರಿ. ಇಲಾಖೆ ಬುಡ ಬೇರು ತಿಳದವ್ರು ನೀವೊಬ್ಬರ. ನಿಮ್ಮನ್ನ ಹಾನಗಲ್ಲಿಗೆ ಬಿಟ್ಟು ನಾವಿಲ್ಲಿ ಏನ್ ಮಾಡೂದ್ರಿ?" ಎಂದರು. ಸ್ವಲ್ಪ ಕೆಟ್ಟದಾಗಿ ಬರೆದಿದ್ದರೆ ಇಷ್ಟೊತ್ತಿಗೆ ಮನೆಯಲ್ಲಿ ಉಂಡು ಕಚೇರಿಗೆ ನಡೆದು ಹೋಗುತ್ತಿದ್ದೆ.

ಮರುದಿನ ಮತ್ತೆ ಅದೇ ಬಸ್ಸು. ಸೀಟಿನಲ್ಲಿದ್ದ ಹೆಂಗಸೊಬ್ಬಳು, "ಯಾವ ಆಫೀಸ್ರಿ ಅಣ್ಣಾರ?" ಎಂದಳು. ದಣಿವಿಗೋ ಸಿಟ್ಟಿಗೋ, ಮೊದಲ ಸಲ "ಹೊಲಿಗೆ ಮಷೀನ್ ಆಫೀಸು" ಎಂದುಬಿಟ್ಟೆ. ಆಕೆ ತಟ್ಟನೆ ಸರಿದು ಜಾಗ ಕೊಟ್ಟಳು. ನಾನು ಕೂತು, ಕಾಲು ಚಾಚಿ, ಉಸ್ಸಪ್ಪಾ ಎನ್ನುವಷ್ಟರಲ್ಲಿ ಕೇಳಿದಳು:

"ಹಂಗಾರ ಮಷೀನ್ ಯಾವಾಗ ಬರ್ತಾವ್ರಿ?"

ಹಿರೇಕೆರೂರು ಇನ್ನೂ ಬಹಳ ದೂರವಿತ್ತು.