ಉಬ್ಬಿದ ಟೇಪು

ನೀರಜಾ ಫರ್ನೇಸಿನ ಬಾಗಿಲು ತೆಗೆದಾಗ ಒಳಗಿದ್ದ ಬೆಳ್ಳಿ ಟೇಪು ಎಣ್ಣೆಗೆ ಬಿದ್ದ ಸಂಡಿಗೆಯ ಹಾಗೆ ಅಲ್ಲಲ್ಲಿ ಉಬ್ಬಿಕೊಂಡಿತ್ತು.

ಚೆನ್ನೈನ ಆ ಲ್ಯಾಬಿನಲ್ಲಿ ಎರಡು ವರ್ಷದಿಂದ ಅವಳ ಕೆಲಸ ಇದೇ. ಬೆಳ್ಳಿ ಕೊಳವೆಗೆ ಕಪ್ಪು ಪುಡಿ ತುಂಬಿ, ಚಪ್ಪಟೆ ಮಾಡಿ, ಕಾಯಿಸುವುದು. ಹದವಾಗಿ ಕಾದ ಟೇಪನ್ನು ಲಿಕ್ವಿಡ್ ನೈಟ್ರೋಜನ್ನಿನ ಚಳಿಯಲ್ಲಿ ಮುಳುಗಿಸಿದರೆ ಅದು ಒಂದಿಷ್ಟೂ ತಡೆಯಿಲ್ಲದೆ ಕರೆಂಟು ಹರಿಸುತ್ತದೆ. ಆದರೆ ಮ್ಯಾಗ್ನೆಟ್ಟಿನ ಹತ್ತಿರ ಒಯ್ದರೆ ಅದರ ಜಂಬವೆಲ್ಲ ಇಳಿಯುತ್ತದೆ. ಎಷ್ಟು ಕಾಯಿಸಿದರೆ ಮ್ಯಾಗ್ನೆಟ್ಟಿನೆದುರೂ ಎದೆಯೊಡ್ಡಿ ನಿಂತೀತು ಎಂಬುದೇ ಅವಳ ಪಿಎಚ್‌ಡಿ. ಪ್ರಬಂಧ ಬರೆದು ಮುಗಿಸಿದ್ದಳು. ಇದು ಕೊನೆಯ ಟೇಪು.

"ಯಾರು ಶಾಖ ಏರಿಸಿದ್ದು?" ಎಂದಳು.

"ಸತ್ಯಮಾ ನಾನಲ್ಲಮ್ಮ!" ಎಂದರು ಹಿರಿಯ ಸಹೋದ್ಯೋಗಿ ಶಂಕರನಾರಾಯಣ. ಚೆನ್ನೈನ ಪುರಸೈವಾಕ್ಕಂನಲ್ಲೇ ಹುಟ್ಟಿ ಬೆಳೆದವರು, ಅವರ ಕನ್ನಡದ ತುಂಬ ತಮಿಳು. "ಅದನ್ನ ಕುಪ್ಪೆತೊಟ್ಟಿಗೆ ಹಾಕು, ಬೇರೆ ಟೇಪು ಮಾಡು."

"ನಾನಂತೂ ಆ ಕಡೆ ತಲೆನೂ ಹಾಕಿಲ್ಲ ಕಣವ್ವ," ಎಂದ ಮಂಡ್ಯದ ಅಂದಾನಿ, ಅವಳ ಜೊತೆಯ ಸಂಶೋಧಕ.

ಮ್ಯಾಗ್ನೆಟ್ ಇಲ್ಲದೆ ಅಳೆದು ನೋಡಿದರೂ ಹಳೆಯ ಟೇಪುಗಳ ಅರ್ಧದಷ್ಟು ಕರೆಂಟನ್ನೂ ಅದು ಹೊರಲಿಲ್ಲ. ಇಬ್ಬರೂ ನಕ್ಕರು. ನೀರಜಾಳಿಗೆ ರೇಗಿತು.

"ಬಿಸಾಡಲ್ಲ. ಇದನ್ನೂ ಮ್ಯಾಗ್ನೆಟ್ಟಿಗೆ ಇಡ್ತೀನಿ."

"ಇವತ್ತು ಮ್ಯಾಗ್ನೆಟ್ ನಂದು," ಎಂದ ಅಂದಾನಿ.

"ನಿನ್ನ ಸರದಿ ಬಂದಾಗ ನೀನು ಕ್ಯಾಂಟೀನಲ್ಲಿ ಪೊಂಗಲ್ ತಿಂತಿದ್ದೆ. ದಾರಿ ಬಿಡು!"

ನೈಟ್ರೋಜನ್ ಕ್ಯಾನನ್ನು ಅವಳೇ ತಳ್ಳಿಕೊಂಡು ಹೊರಟಳು. ತಿರುವಿನಲ್ಲಿ ಗಾಡಿಯ ಚಕ್ರ ಕಳಚಿತು. ಕ್ಯಾನು ವಾಲಿ, ವರಾಂಡದ ತುಂಬ ಬಿಳಿ ಹೊಗೆ. ಯಾರೋ "ನೆರುಪ್ಪು! ನೆರುಪ್ಪು!" ಎಂದು ಕೂಗಿದರು. ಬೆಂಕಿಯೆಂದು ಹೆದರಿ ಇಡೀ ಕಟ್ಟಡ ಮೇ ತಿಂಗಳ ಬಿಸಿಲಿಗೆ ಓಡಿಬಂತು. ಎಲ್ಲರಿಗಿಂತ ಮುಂದೆ ಓಡಿದವರು ಶಂಕರನಾರಾಯಣರೇ.

ನೀರಜಾಳ ಮಾರ್ಗದರ್ಶಕಿ ಸುಗುಣಾ ಮೇಡಂ ಬೆವರು ಒರೆಸಿಕೊಳ್ಳುತ್ತ ಬಂದರು. "ಇಷ್ಟು ರಾಮಾಯಣ ಈ ಸುಟ್ಟ ಟೇಪಿಗಾ?"

"ಹೌದು ಮೇಡಂ. ಕ್ಯಾನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಅಳೆದೇ ಅಳೀತೀನಿ."

ಅಳೆದಳು. ಮ್ಯಾಗ್ನೆಟ್ಟಿನ ಬಲ ಏರಿಸಿದಳು, ಕರೆಂಟು ಕೊಂಚ ಇಳಿಯಿತು. ಇನ್ನೂ ಏರಿಸಿದಳು. ಹಳೆಯ ಟೇಪುಗಳೆಲ್ಲ ಮಕಾಡೆ ಮಲಗುತ್ತಿದ್ದ ಜಾಗದಲ್ಲಿ ಈ ಉಬ್ಬಿದ ಟೇಪು ಹಟಮಾರಿ ಎಮ್ಮೆಯ ಹಾಗೆ ಕದಲದೆ ನಿಂತಿತು. ಮೇಡಂ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು.

"ಪ್ರಮಾದಂ!" ಎಂದು ತಮಿಳಿನಲ್ಲಿ ಶಹಬ್ಬಾಸ್ ಹೇಳಿದರು. "ಇಷ್ಟು ಕಾಯಿಸಬೇಕು ಅಂತ ಯಾರಿಗೆ ಹೊಳೀತು?"

"ನನಗೇ ಮೇಡಂ," ಎಂದರು ಶಂಕರನಾರಾಯಣ. "ನಿನ್ನೆ ಸಾಯಂಕಾಲ ಶಾಖದ ಗುಂಡಿನ ಲೇಸಾ, ಒಂಚೂರು ತಿರುಗಿಸಿದ್ದೆ."

"ಅದಾದ್ಮೇಲೆ ಇನ್ನೊಂಚೂರು ತಿರುಗ್ಸಿದ್ದು ನಾನು," ಎಂದ ಅಂದಾನಿ. "ಪೇಪರ್‌ನಲ್ಲಿ ನಮ್ಮಿಬ್ರ ಹೆಸರೂ ಬರ್ಬೇಕಲ್ವಾ?"

ನೀರಜಾಳ ಪಿತ್ತ ನೆತ್ತಿಗೇರಿತು. "ಇಬ್ಬರೂ ಸುಳ್ಳು! ಬನ್ನಿ ಮೇಡಂ, ನಾನೇ ತೋರಿಸ್ತೀನಿ."

ಎಲ್ಲರನ್ನೂ ಎಳೆದುಕೊಂಡು ಹೋಗಿ ಫರ್ನೇಸಿನ ಹಿಂಬದಿಯ ಮುಚ್ಚಳ ಬಿಚ್ಚಿದಳು. ಶಾಖದ ಗುಂಡಿ ಅವಳು ಇಟ್ಟಲ್ಲೇ ಇತ್ತು. ಶಾಖ ಅಳೆಯುವ ತಂತಿ ಮಾತ್ರ ಟೇಪಿನ ಪಕ್ಕದಲ್ಲಿರಲಿಲ್ಲ. ಹಿಡಿಕೆ ಸಡಿಲವಾಗಿ, ಹಿಂದೆ ಹಿಂದೆ ಜಾರಿ, ತಣ್ಣಗಿನ ಬಾಯಿಯ ಹತ್ತಿರ ನೇತಾಡುತ್ತಿತ್ತು. ಅಲ್ಲಿ ತಣ್ಣಗಿದೆಯೆಂದು ನಂಬಿದ ಫರ್ನೇಸು ಒಳಗೆ ಧಗಧಗ ಉರಿದಿತ್ತು.

"ನೋಡಿದ್ರಾ?" ಅವಳು ಸೊಂಟದ ಮೇಲೆ ಕೈಯಿಟ್ಟಳು. "ಯಾರೂ ಏನೂ ತಿರುಗಿಸಿಲ್ಲ!"

ಮೇಡಂ ತಂತಿಯನ್ನು ಬೆರಳಲ್ಲಿ ಆಡಿಸಿದರು. ಅದು ಸಲೀಸಾಗಿ ಮುಂದಕ್ಕೂ ಹಿಂದಕ್ಕೂ ಜಾರಿತು.

"ಎಷ್ಟು ದಿನದಿಂದ ಹೀಗೆ ಜಾರ್ತಿದೆ ನೀರಜಾ?"

ಪ್ರಬಂಧದಲ್ಲಿ ಏನೇ ಬರೆದಿರಲಿ, ಎರಡು ವರ್ಷ ಒಂದೊಂದು ಟೇಪೂ ನಿಜಕ್ಕೂ ಎಷ್ಟು ಕಾದಿತ್ತೋ, ಈಗ ದೇವರಿಗೇ ಗೊತ್ತು.

"ಏನೇ ಆಗ್ಲಿ ಮೇಡಂ," ಎಂದಳು ನೀರಜಾ, "ನನ್ನ ಪ್ರಬಂಧದಲ್ಲಿ ಇವರಿಬ್ಬರ ಹೆಸರು ಬೇಡ."

"ಯಾವ ಪ್ರಬಂಧದಲ್ಲಮ್ಮ?" ಎಂದರು ಮೇಡಂ ಮೆತ್ತಗೆ.